ಹಿಮ ತಾನೇ ತೋಡಿದ ಗುಂಡಿ

2023ರ ಸೆಪ್ಟೆಂಬರ್ 16. ಭೂಕಂಪ ಅಳೆಯುವ ಯಂತ್ರಗಳು ಅವತ್ತು ವಿಚಿತ್ರವಾದ ಒಂದು ಕಂಪನ ಹಿಡಿದವು. ಭೂಕಂಪ ಆದರೆ ಗೀಟುಗಳು ಒಮ್ಮೆಲೇ ಎದ್ದು ಕುಣಿಯುತ್ತವೆ, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತವೆ. ಇದು ಹಾಗಿರಲಿಲ್ಲ. ಸುಮಾರು 90 ಸೆಕೆಂಡಿಗೊಮ್ಮೆ ನೆಲ ಮೆಲ್ಲಗೆ ತೂಗುತ್ತಿತ್ತು. ತಂಬೂರಿ ಮೀಟುತ್ತಾ ಕೂತವರ ಹಾಗೆ, ಒಂದೇ ಶ್ರುತಿ, ಒಂದೇ ಲಯ. ಹೀಗೇ ಒಂಬತ್ತು ದಿನ ನಡೆಯಿತು. ಆರ್ಕ್ಟಿಕ್‌ನಿಂದ ಅಂಟಾರ್ಕ್ಟಿಕಾವರೆಗಿನ ಯಂತ್ರಗಳಲ್ಲಿ ಇದು ದಾಖಲಾಯಿತು. ಏನಂತ ಯಾರಿಗೂ ಗೊತ್ತಾಗಲಿಲ್ಲ. ಹಾರುವ ತಟ್ಟೆಗಳಿಗೆ ಹೇಳುವ ಹಾಗೆ, ವಿಜ್ಞಾನಿಗಳು ಇದಕ್ಕೆ 'ಗುರುತು ಸಿಗದ ಕಂಪನ ವಸ್ತು' ಅಂತ ತಮಾಷೆಯ ಹೆಸರಿಟ್ಟರು.

ಉತ್ತರ ಪ್ರಕಟವಾಗಿದ್ದು ಒಂದು ವರ್ಷದ ಮೇಲೆ. 15 ದೇಶಗಳ 68 ವಿಜ್ಞಾನಿಗಳು ಸೇರಿ ಜಾಡು ಹಿಡಿದರು. ಪೂರ್ವ ಗ್ರೀನ್‌ಲ್ಯಾಂಡಿನ ಡಿಕ್ಸನ್ ಫ್ಯೋರ್ಡ್ ಅನ್ನುವ ಕಡಲ ಕಣಿವೆಯಲ್ಲಿ, 1.2 ಕಿಲೋಮೀಟರ್ ಎತ್ತರದ ಒಂದು ಶಿಖರ ಕುಸಿದಿತ್ತು. ಸುಮಾರು 2.5 ಕೋಟಿ ಘನ ಮೀಟರ್ ಕಲ್ಲು ಮತ್ತು ಹಿಮ ನೀರಿಗೆ ಬಿದ್ದಿತ್ತು. ಎದ್ದ ಅಲೆಯ ಎತ್ತರ 200 ಮೀಟರ್. ಆ ಅಲೆಗೆ ಹೊರಗೆ ಹೋಗಲು ನೇರ ದಾರಿಯಿರಲಿಲ್ಲ. ಒಂದು ಕಡೆ ಹಿಮನದಿಯ ಗೋಡೆ, ಇನ್ನೊಂದು ಕಡೆ ಕಣಿವೆಯ ಚೂಪು ತಿರುವು. ಎಳೆದೊಯ್ಯುವ ಡ್ರಮ್ಮಿನಲ್ಲಿ ನೀರು ಈ ಅಂಚಿಗೂ ಆ ಅಂಚಿಗೂ ತುಳುಕುತ್ತದಲ್ಲ, ಹಾಗೆ ಇಡೀ ಫ್ಯೋರ್ಡಿನ ನೀರು ಒಂಬತ್ತು ದಿನ ತುಳುಕಾಡಿತು. ಆ ತುಳುಕಾಟಕ್ಕೇ ಭೂಮಿ ತೂಗಿದ್ದು.

ಬೆಟ್ಟ ಯಾಕೆ ಕುಸಿಯಿತು? ಅದರ ಬುಡಕ್ಕೆ ಒತ್ತು ಕೊಟ್ಟು ನಿಂತಿದ್ದ ಹಿಮನದಿ ವರ್ಷದಿಂದ ವರ್ಷಕ್ಕೆ ತೆಳುವಾಗಿತ್ತು. ಊರುಗೋಲು ತೆಗೆದಂತಾಯಿತು, ಬೆಟ್ಟ ಬಿತ್ತು. ಸುದ್ದಿಯಲ್ಲಿ ಬಂದದ್ದೂ ಇದೇ: ಭೂಮಿ ಬಿಸಿಯಾಗಿದೆ, ಹಿಮ ಕರಗಿದೆ, ಬೆಟ್ಟ ಕುಸಿದಿದೆ. ಮಾತು ಸರಿ. ಆದರೆ ಅರ್ಧ ಮಾತು. ನೀರಿನಂಚಿಗೇ ಅಷ್ಟು ಕಡಿದಾದ ಗೋಡೆ ಅಲ್ಲಿ ಯಾಕಿತ್ತು? ಅಲೆಯನ್ನು ಕೂಡಿಹಾಕುವಂಥ ಇಕ್ಕಟ್ಟಿನ, ಆಳದ ತೊಟ್ಟಿ ಎಲ್ಲಿಂದ ಬಂತು? ಆ ತೊಟ್ಟಿಯನ್ನು ಕೊರೆದದ್ದು ಹಿಮಯುಗದ ಹಿಮನದಿ. ಇವತ್ತು ಕರಗುತ್ತಿರುವ ಹಿಮನದಿಯ ಪೂರ್ವಿಕರು ಅನ್ನಿ.

ಧ್ರುವಗಳ ಹಿಮದ ಬಗ್ಗೆ ಮಾತಾಡುವಾಗ ನಾವು ಥರ್ಮಾಮೀಟರ್ ಒಂದನ್ನೇ ನೋಡುತ್ತೇವೆ. ಎಷ್ಟು ಡಿಗ್ರಿ ಏರಿತು, ಎಷ್ಟು ಟನ್ ಕರಗಿತು. ಹಿಮದ ಕೆಳಗಿನ ನೆಲ ಹೇಗಿದೆ ಅನ್ನುವುದನ್ನು ಕೇಳುವವರು ಕಡಿಮೆ. ಆದರೆ ಯಾವ ಹಿಮ ಉಳಿಯುತ್ತದೆ, ಯಾವುದು ಬೇಗ ಹೋಗುತ್ತದೆ ಅನ್ನುವುದರಲ್ಲಿ ಆ ನೆಲದ ಪಾತ್ರ ದೊಡ್ಡದು. ಮತ್ತೆ ಆ ನೆಲವನ್ನು ಬಹುಪಾಲು ರೂಪಿಸಿದ್ದು ಹಿಮವೇ.

ಕೀಳುವುದು, ಉಜ್ಜುವುದು

ಹಿಮಯುಗ ಅಂದರೆ ಒಂದು ಸಲ ಬಂದು ಹೋದ ಚಳಿಗಾಲ ಅಂತ ಅನೇಕರು ತಿಳಿದಿದ್ದಾರೆ. ಕಳೆದ 26 ಲಕ್ಷ ವರ್ಷಗಳಲ್ಲಿ ಹಿಮ ಹತ್ತಾರು ಸಲ ಮುಂದೆ ಬಂದಿದೆ, ಹಿಂದೆ ಹೋಗಿದೆ. ಭೂಮಿ ಸೂರ್ಯನ ಸುತ್ತ ತಿರುಗುವ ದಾರಿ, ಅದರ ಅಕ್ಷದ ವಾಲು ಸಾವಿರಾರು ವರ್ಷಗಳಲ್ಲಿ ತುಸು ತುಸು ಬದಲಾಗುವುದೇ ಇದಕ್ಕೆ ತಾಳ ಹಾಕುವುದು. ಸರ್ಬಿಯಾದ ಮಿಲುಟಿನ್ ಮಿಲಂಕೋವಿಚ್ ಆ ಲೆಕ್ಕವನ್ನು ಕೈಯಲ್ಲೇ ಹಾಕಿ ತೋರಿಸಿದರು. ಕೊನೆಯ ಸಲ ಹಿಮ ಪೂರ್ತಿ ಹಿಗ್ಗಿದ್ದು ಸುಮಾರು 26,000ದಿಂದ 19,000 ವರ್ಷಗಳ ಹಿಂದೆ. ಅಷ್ಟು ನೀರು ಹಿಮವಾಗಿ ಕೂತಿದ್ದರಿಂದ ಕಡಲ ಮಟ್ಟ ಇವತ್ತಿಗಿಂತ 120 ಮೀಟರಿಗೂ ಕೆಳಗಿತ್ತು. ಆಗ ನಮ್ಮ ಪಡುವಣ ಕರಾವಳಿಯ ಮರಳಂಚು ಈಗಿನ ಮಂಗಳೂರಿನಿಂದ ಹತ್ತಾರು ಕಿಲೋಮೀಟರ್ ಆಚೆ ಇತ್ತು.

ಹಿಮ ನೆಲವನ್ನು ಕೊರೆಯುವುದು ಹೇಗೆ? ಐಸ್ ಅಂಥ ಗಟ್ಟಿ ವಸ್ತುವೇನೂ ಅಲ್ಲ, ಫ್ರಿಜ್ಜಿನಿಂದ ತೆಗೆದ ತುಂಡನ್ನು ಹಲ್ಲಿನಲ್ಲೇ ಕಡಿಯಬಹುದು. ಗುಟ್ಟಿರುವುದು ತೂಕದಲ್ಲಿ. ಒಂದು ಕಿಲೋಮೀಟರ್ ದಪ್ಪದ ಹಿಮ ತನ್ನ ಕೆಳಗಿನ ಪ್ರತಿ ಚದರ ಮೀಟರಿನ ಮೇಲೆ 900 ಟನ್‌ಗಿಂತ ಜಾಸ್ತಿ ಭಾರ ಹೇರುತ್ತದೆ. ಆ ಒತ್ತಡಕ್ಕೆ, ಜೊತೆಗೆ ಭೂಮಿಯ ಒಳಗಿನ ಕಾವಿಗೆ, ತಳದ ಹಿಮ ತೆಳುವಾಗಿ ಕರಗುತ್ತದೆ. ಆ ನೀರು ಬಂಡೆಯ ಬಿರುಕಿಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಹಿಮ ಮುಂದೆ ಜಾರುವಾಗ ಬಂಡೆಯ ಚೂರು ಅದರ ಜೊತೆಗೇ ಕಿತ್ತು ಬರುತ್ತದೆ. ಇನ್ನು ಮುಂದೆ ಕೆಲಸ ಮಾಡುವುದು ಆ ಚೂರುಗಳು. ಹಿಮ ಬರೀ ಹಿಡಿ, ಅಲಗು ಆ ಕಲ್ಲುಗಳದ್ದು. ದೊಡ್ಡ ಕಲ್ಲು ಗೀರುತ್ತದೆ, ಸಣ್ಣ ಪುಡಿ ಸಾಣೆ ಹಿಡಿಯುತ್ತದೆ.

ಇದರ ಗುರುತನ್ನು ನೋಡಬೇಕಾದರೆ ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್ ಒಳ್ಳೆಯ ಜಾಗ. 1989ರಿಂದ ಭಾರತದ ಮೈತ್ರಿ ಸಂಶೋಧನಾ ಕೇಂದ್ರ ಇರುವುದು ಅಲ್ಲೇ. ಸುಮಾರು 35 ಚದರ ಕಿಲೋಮೀಟರಿನ ಬರಿಗಲ್ಲಿನ ಗುಡ್ಡಸಾಲು. ದಕ್ಷಿಣಕ್ಕೆ ಖಂಡದ ಹಿಮದ ಗೋಡೆ, ಉತ್ತರಕ್ಕೆ ಕಡಲ ಮೇಲೆ ತೇಲುವ ಹಿಮದ ಚಪ್ಪಡಿ, ನಡುವೆ ಈ ಕಲ್ಲು. ಅಲ್ಲಿನ ಗುಂಡುಬಂಡೆಗಳನ್ನು ಗಮನಿಸಿದರೆ ಹಿಮ ಬಂದ ಕಡೆಯ ಮುಖ ಅಂಗೈ ಸವರಬಹುದಾದಷ್ಟು ನುಣುಪು. ಹಿಮ ಹೋದ ಕಡೆಯ ಮುಖ ಕಿತ್ತುಹೋದ ಹಾಗೆ ಒರಟು. ಉಜ್ಜಿದ್ದು ಆಚೆ, ಕಿತ್ತಿದ್ದು ಈಚೆ. ನುಣುಪಾದ ಮುಖದ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಸಾವಿರಾರು ವರ್ಷ ಹಿಂದೆ ಹಿಮ ಯಾವ ಕಡೆ ಹೊರಟಿತ್ತು ಅಂತ ದಿಕ್ಸೂಚಿ ಇಟ್ಟು ಓದಿಬಿಡಬಹುದು. ಹಿಮ ಕೊರೆದ ತಗ್ಗುಗಳಲ್ಲಿ ನೀರು ನಿಂತು ನೂರಕ್ಕೂ ಜಾಸ್ತಿ ಸರೋವರಗಳಾಗಿವೆ. ಅದರಲ್ಲಿ ಒಂದಕ್ಕೆ ನಮ್ಮವರು ಪ್ರಿಯದರ್ಶಿನಿ ಅಂತ ಹೆಸರಿಟ್ಟಿದ್ದಾರೆ. ಮೈತ್ರಿಯಲ್ಲಿ ಚಹಾಕ್ಕೆ ಇಡುವ ನೀರು ಆ ಕೆರೆಯದು. ಅಂದರೆ ಹಿಮಯುಗ ತೋಡಿದ ಗುಂಡಿಯದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತದ ನೆಲವೂ ದಕ್ಷಿಣ ಧ್ರುವದ ಹತ್ತಿರವೇ, ಹಿಮದ ಕೆಳಗಿತ್ತು. ಒಡಿಶಾದ ತಾಲ್ಚೇರ್ ಕಡೆ ಜೇಡಿಯ ನಡುವೆ ದೊಡ್ಡ ಗುಂಡುಗಳು ಸಿಕ್ಕಿಕೊಂಡಿರುವ ಪದರ ಇದೆ. ಇದು ಹಿಮದ ಕೆಲಸ ಅಂತ 1856ರಲ್ಲೇ ಬ್ಲ್ಯಾನ್‌ಫೋರ್ಡ್ ಸೋದರರು ಗುರುತಿಸಿದ್ದರು. ಬೆವರು ಸುರಿಯುವ ಒಡಿಶಾದಲ್ಲಿ ನಿಂತು ಇಲ್ಲಿ ಹಿಮವಿತ್ತು ಅನ್ನಲು ಧೈರ್ಯ ಬೇಕಿತ್ತು, ಅಲ್ವಾ? ಯುರೋಪಿನಲ್ಲೇ ಲೂಯಿ ಅಗಾಸಿ ಹಿಮಯುಗದ ಮಾತೆತ್ತಿ ಆಗಿನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ.

ನದಿಗಿಲ್ಲದ ಒಂದು ಶಕ್ತಿ

ಈಗ ಮುಖ್ಯ ವಿಷಯಕ್ಕೆ ಬರೋಣ. ನದಿ ಎಷ್ಟೇ ಕೊರೆದರೂ ಕಡಲ ಮಟ್ಟ ಮುಟ್ಟಿದ ಮೇಲೆ ಅದರ ಆಟ ಹೆಚ್ಚುಕಡಿಮೆ ಮುಗಿಯಿತು. ಶರಾವತಿಯಾಗಲಿ ಕಾಳಿಯಾಗಲಿ ಅಳಿವೆಗೆ ಬಂದ ಮೇಲೆ ಮರಳು ಹರಡಿ ಸುಮ್ಮನಾಗುತ್ತದೆ. ನದಿ ಇಳಿಜಾರಿಗೇ ಹರಿಯಬೇಕು, ಏರು ಹತ್ತುವ ಹಾಗಿಲ್ಲ.

ಹಿಮನದಿಗೆ ಈ ಎರಡು ಕಟ್ಟುಪಾಡೂ ಇಲ್ಲ. ಅದು ಚಲಿಸುವುದು ತಳದ ಇಳಿಜಾರನ್ನು ನೋಡಿಕೊಂಡಲ್ಲ, ಮೇಲ್ಮೈಯ ಇಳಿಜಾರನ್ನು ನೋಡಿಕೊಂಡು. ಕಾವಲಿಯ ನಡುವೆ ದೋಸೆ ಹಿಟ್ಟು ಸುರಿದಾಗ ನಡುವೆ ಗುಡ್ಡೆಯಾಗಿ ಸುತ್ತಲೂ ಹರಡುತ್ತದೆ. ಕಾವಲಿ ಅಲ್ಲಲ್ಲಿ ತಗ್ಗಿದ್ದರೂ ಹಿಟ್ಟು ಅದನ್ನು ತುಂಬಿ ದಾಟಿ ಹೋಗುತ್ತದೆ. ಹಾಗೆಯೇ ದಪ್ಪ ಹಿಮ ಕಡಲ ಮಟ್ಟಕ್ಕಿಂತ ಕೆಳಗೆ ತೋಡಬಲ್ಲದು, ತೋಡಿದ ಗುಂಡಿಯಿಂದ ಏರು ಹತ್ತಿ ಆಚೆಗೂ ಹೋಗಬಲ್ಲದು. ನಾರ್ವೆಯ ಸೋಗ್ನೆ ಫ್ಯೋರ್ಡಿನ ಆಳ 1,308 ಮೀಟರ್. ಆದರೆ ಅದರ ಬಾಯಿಯ ಹತ್ತಿರ ನೀರಿನ ಆಳ ಇದರ ಒಂದು ಸಣ್ಣ ಪಾಲಷ್ಟೇ. ಒಳಗೆ ಹಿಮ ದಪ್ಪ, ಓಟ ಜೋರು, ಕೊರೆತವೂ ಜಾಸ್ತಿ. ಬಾಯಿಗೆ ಬಂದಾಗ ಹಿಮ ಹರಡಿ ತೆಳುವಾಗಿ ತೇಲತೊಡಗುತ್ತದೆ. ಹೊತ್ತು ತಂದ ಕಲ್ಲು ಮಣ್ಣನ್ನು ಅಲ್ಲೇ ಸುರಿಯುತ್ತದೆ. ಹೀಗೆ ಒಳಗೆ ಬಾವಿ, ಬಾಗಿಲಲ್ಲಿ ಹೊಸ್ತಿಲು.

ಆ ಹೊಸ್ತಿಲಿನ ಮಹತ್ವ ಗೊತ್ತಾಗುವುದು ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲುಲಿಸಾಟ್‌ನಲ್ಲಿ. ಅಲ್ಲಿನ ಹಿಮನದಿ ಸೆರ್ಮೆಕ್ ಕುಜಲೆಕ್. ಹಳೆಯ ನಕ್ಷೆಗಳಲ್ಲಿ ಯಾಕೋಬ್ಸ್‌ಹಾವ್ನ್. ಇದು ದಿನಕ್ಕೆ ನಾಲ್ಕೈದು ಮೀಟರ್ ಹೋಗುವ ಸೋಮಾರಿಯಲ್ಲ. 2012ರ ಬೇಸಿಗೆಯಲ್ಲಿ ದಿನಕ್ಕೆ 40 ಮೀಟರಿಗೂ ಜಾಸ್ತಿ ಓಡಿತ್ತು. ಒಡೆದು ಬೀಳುವ ಹಿಮದ ಬೆಟ್ಟಗಳು ಫ್ಯೋರ್ಡಿನಲ್ಲಿ ತೇಲಿ ಬಂದು ಬಾಯಲ್ಲಿ ನಿಂತುಬಿಡುತ್ತವೆ. ಯಾಕಂದರೆ ಅಲ್ಲಿ ಹಳೆಯ ಹಿಮ ಸುರಿದುಹೋದ ಮಣ್ಣಿನ ದಿಬ್ಬ ಇದೆ, ಅದರ ಮೇಲಿನ ನೀರು ಸುಮಾರು 200-250 ಮೀಟರ್ ಅಷ್ಟೇ. ಬೆಟ್ಟದ ಬುಡ ದಿಬ್ಬಕ್ಕೆ ತಗುಲುತ್ತದೆ. ಹಿಂದಿನಿಂದ ಇನ್ನೊಂದು ಬಂದು ಒತ್ತುತ್ತದೆ. ಕರಗಿ, ಒಡೆದು, ಹಗುರಾದ ಮೇಲಷ್ಟೇ ಹೊಸ್ತಿಲು ದಾಟಿ ಕಡಲಿಗೆ ಹೋಗುತ್ತವೆ. ಟೈಟಾನಿಕ್‌ಗೆ ಡಿಕ್ಕಿಯಾದ ಹಿಮಗಡ್ಡೆ ಈ ಬಾಗಿಲಿನಿಂದಲೇ ಹೊರಟದ್ದು ಅನ್ನುವ ಮಾತು ಊರಲ್ಲಿ ಇದೆ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಇದನ್ನು ನೋಡಲು ಬರುವ ಪ್ರವಾಸಿಗಳಿಗಂತೂ ಲೆಕ್ಕವಿಲ್ಲ.

ಹೊಸ್ತಿಲು ಹೊರಗೆ ಹೋಗುವುದನ್ನಷ್ಟೇ ತಡೆಯುವುದಿಲ್ಲ, ಒಳಗೆ ಬರುವುದನ್ನೂ ತಡೆಯುತ್ತದೆ. ಕಡಲಿನ ಬೆಚ್ಚಗಿನ ನೀರು ಉಪ್ಪು ಜಾಸ್ತಿಯಾದ್ದರಿಂದ ಭಾರ, ಆಳದಲ್ಲೇ ಇರುತ್ತದೆ. ಅದಕ್ಕೆ ದಿಬ್ಬ ಅಡ್ಡ. ಆದರೆ 1997ರಲ್ಲಿ ಅಲ್ಲಿಗೆ ಬಂದ ಬೆಚ್ಚಗಿನ ನೀರಿನ ಪದರ ದಪ್ಪಗಿತ್ತು, ಹೊಸ್ತಿಲು ದಾಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹಿಮನದಿಯ ಮುಂದೆ ಚಾಚಿದ್ದ, ಸುಮಾರು 15 ಕಿಲೋಮೀಟರ್ ಉದ್ದದ ತೇಲುವ ನಾಲಿಗೆ ಚೂರುಚೂರಾಯಿತು. ಇದು ಪತ್ತೆಯಾದದ್ದು ಹೇಗೆ ಗೊತ್ತಾ? ಸಿಗಡಿ ಸಮೀಕ್ಷೆಯಿಂದ. ಸಿಗಡಿ ಎಷ್ಟಿದೆ ಅಂತ ನೋಡಲು ಹೋಗುತ್ತಿದ್ದ ಹಡಗಿನವರು ಬಲೆಗೆ ಥರ್ಮಾಮೀಟರ್ ಕಟ್ಟಿರುತ್ತಿದ್ದರು. ಆ ವರ್ಷಗಳ ಅಂಕಿ ತೆಗೆದು ನೋಡಿದರೆ ನೀರು ಬಿಸಿಯಾದ ಹೊತ್ತು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಮತ್ತೆ 2016ರ ಸುಮಾರಿಗೆ ತಣ್ಣೀರು ಬಂತು, ಹಿಮನದಿಯ ಓಟ ತಗ್ಗಿತು, ಮುಂಭಾಗ ತುಸು ದಪ್ಪಗೂ ಆಯಿತು. ಹವಾಮಾನ ಬದಲಾವಣೆ ಸುಳ್ಳು ಅನ್ನುವವರು ಇದನ್ನೇ ಹಿಡಿದು ಕುಣಿದರು. ನಿಜಕ್ಕೂ ಅದು ತೋರಿಸಿದ್ದು ಬೇರೆ: ಈ ಹಿಮನದಿಯ ಜುಟ್ಟು ಆ ಹೊಸ್ತಿಲಿನ ಮೇಲೆ ಹರಿಯುವ ನೀರಿನ ಕೈಯಲ್ಲಿದೆ.

ಹೊಸ್ತಿಲೇ ಇಲ್ಲದ ಮನೆಯೂ ಇದೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್ ಫ್ಯೋರ್ಡ್. ಅದರ ದಡದ ನ್ಯೂ ಆಲೆಸುಂಡ್ ಊರಿನಲ್ಲಿ 2008ರಿಂದ ಭಾರತದ ಹಿಮಾದ್ರಿ ಕೇಂದ್ರವಿದೆ. ಈ ಫ್ಯೋರ್ಡಿನ ಬಾಯಲ್ಲಿ ಎತ್ತರದ ದಿಬ್ಬ ಇಲ್ಲ. ಬದಲಿಗೆ, ಹಿಮಯುಗದಲ್ಲಿ ಇಲ್ಲಿಂದ ಕಡಲಂಚಿನವರೆಗೆ ಹರಿದ ಹಿಮ ಕೊರೆದ ಅಗಲದ ಕಾಲುವೆ ನೇರ ಒಳಗೆ ಬರುತ್ತದೆ. ಅಟ್ಲಾಂಟಿಕ್‌ನ ಬೆಚ್ಚಗಿನ ನೀರಿಗೆ ಅದು ಹೆದ್ದಾರಿ. 2006ರ ಚಳಿಗಾಲದಲ್ಲಿ ಆ ನೀರು ನುಗ್ಗಿ ಬಂದ ಮೇಲೆ ಫ್ಯೋರ್ಡ್ ಮೊದಲಿನಂತೆ ಹೆಪ್ಪುಗಟ್ಟುವುದು ಅಪರೂಪವಾಯಿತು. 2014ರಲ್ಲಿ ಭಾರತದ ವಿಜ್ಞಾನಿಗಳು ಇದೇ ಫ್ಯೋರ್ಡಿನಲ್ಲಿ, 192 ಮೀಟರ್ ಆಳದಲ್ಲಿ, ಇಂಡ್‌ಆರ್ಕ್ ಅನ್ನುವ ಉಪಕರಣಗಳ ಸಾಲನ್ನು ಇಳಿಬಿಟ್ಟರು. ನೀರಿನ ಬಿಸಿ, ಉಪ್ಪು, ಓಟ ಎಲ್ಲವನ್ನೂ ಅಳೆಯುವುದು ಅದರ ಕೆಲಸ. ಆ ಹೆದ್ದಾರಿಯ ಪಕ್ಕ ನಮ್ಮವರೂ ಒಂದು ಚೌಕಿ ಹಾಕಿದ್ದಾರೆ ಅನ್ನಿ.

ಕರ್ನಾಟಕದಷ್ಟು ದೊಡ್ಡ ಹಿಮನದಿ

ಇದೇ ಕಥೆ ದಕ್ಷಿಣ ಧ್ರುವದಲ್ಲಿ ನೂರು ಪಟ್ಟು ದೊಡ್ಡದು. ಪಶ್ಚಿಮ ಅಂಟಾರ್ಕ್ಟಿಕಾದ ಥ್ವೈಟ್ಸ್ ಹಿಮನದಿಯ ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರ್. ಕರ್ನಾಟಕದ್ದು 1,91,791. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಒಂದೇ ಹಿಮದ ಹಾಳೆ ಹಾಸಿದ ಹಾಗೆ. ಅದು ಕಡಲಿಗೆ ಸೇರುವ ಮುಂಭಾಗದ ಅಗಲವೇ ಸುಮಾರು 120 ಕಿಲೋಮೀಟರ್. ಇದೊಂದೇ ಪೂರ್ತಿ ಕರಗಿದರೆ ಜಗತ್ತಿನ ಕಡಲ ಮಟ್ಟ 65 ಸೆಂಟಿಮೀಟರ್ ಏರುತ್ತದೆ.

ನಮ್ಮ ಕರಾವಳಿಯ ಮೀನುಗಾರರಿಗೆ ಗೊತ್ತು, ದಡ ಬಿಟ್ಟು ಆಚೆ ಹೋದಷ್ಟೂ ಆಳ ಜಾಸ್ತಿ. ಅಂಟಾರ್ಕ್ಟಿಕಾದಲ್ಲಿ ಇದು ಉಲ್ಟಾ. ಅಲ್ಲಿನ ಕಡಲತಳ ಹೊರಗೆ ಎತ್ತರ, ಖಂಡದ ಹತ್ತಿರ ಬಂದಷ್ಟೂ ತಗ್ಗು. ಹಿಮಯುಗ ಬಂದಾಗಲೆಲ್ಲ ಹಿಮ ಕಡಲತಳದ ಮೇಲೆ ಕೂತು, ಅಂಚಿನವರೆಗೂ ಉಜ್ಜಿಕೊಂಡು ಹೋಗಿದೆ. ಮತ್ತೆ ಮತ್ತೆ ಹೋಗಿದೆ. ಒಳಗೆ ತೋಡಿದ್ದನ್ನು ಹೊರಗೆ ಸುರಿದಿದೆ. ಹೀಗೆ ತಳವೇ ಒಳಮುಖವಾಗಿ ವಾಲಿಬಿಟ್ಟಿದೆ. ಥ್ವೈಟ್ಸ್‌ನ ಮುಂದೆ ಆ ಹಿಮ ಕೊರೆದ ಕಾಲುವೆಗಳಿವೆ, ಕೆಲವು ಕಡೆ 800 ಮೀಟರಿಗೂ ಆಳ. ಸಾಗರದ ಆಳದಲ್ಲಿ ಖಂಡವನ್ನು ಸುತ್ತುವ, ಸೊನ್ನೆ ಡಿಗ್ರಿಗಿಂತ ಒಂದು ಡಿಗ್ರಿ ಬೆಚ್ಚಗಿರುವ ಉಪ್ಪುನೀರು ಈ ಕಾಲುವೆಗಳನ್ನೇ ಹಿಡಿದು ಹಿಮದ ಬುಡಕ್ಕೆ ಬರುತ್ತಿದೆ. ಒಂದು ಡಿಗ್ರಿ ಅಂದರೆ ನಮಗೆ ನಗು ಬರಬಹುದು. ಆ ಆಳದಲ್ಲಿ ಹಿಮ ಸೊನ್ನೆಗಿಂತ ಎರಡು ಡಿಗ್ರಿಯಷ್ಟು ಕೆಳಗೇ ಕರಗುತ್ತದೆ, ಹಾಗಾಗಿ ಅದಕ್ಕೆ ಇದು ಕುದಿನೀರಿನ ಹಾಗೆ.

ಹಿಮದ ಬುಡ ನೆಲ ಬಿಟ್ಟು ತೇಲಲು ಶುರುವಾಗುವ ಗೆರೆಯನ್ನು ಗ್ರೌಂಡಿಂಗ್ ಲೈನ್ ಅನ್ನುತ್ತಾರೆ. ಬಿಸಿನೀರು ತಾಗಿ ಆ ಗೆರೆ ಒಂದು ಹೆಜ್ಜೆ ಹಿಂದೆ ಸರಿಯಿತು ಅಂತಿಟ್ಟುಕೊಳ್ಳಿ. ನೆಲ ಒಳಮುಖವಾಗಿ ಏರುತ್ತಾ ಹೋಗಿದ್ದರೆ ಹಿಮ ಅಲ್ಲಿ ಕಾಲೂರಿ ನಿಲ್ಲುತ್ತಿತ್ತು. ಆದರೆ ಇಲ್ಲಿ ಹಿಂದೆ ಸರಿದಷ್ಟೂ ನೆಲ ತಗ್ಗು, ಹಿಮ ದಪ್ಪ. ದಪ್ಪ ಹಿಮ ಬೇಗ ಹೊರಗೆ ಹರಿಯುತ್ತದೆ. ಹೊರಗೆ ಹರಿದಷ್ಟೂ ತೆಳುವಾಗಿ ತೇಲುತ್ತದೆ, ಗೆರೆ ಇನ್ನೂ ಹಿಂದೆ ಹೋಗುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಒಳಗೆ ಕೆಲವು ಕಡೆ ಹಿಮದ ತಳ ಕಡಲ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗಿದೆ. ಇದೆಲ್ಲವನ್ನೂ ಹಿಮವೊಂದೇ ತೋಡಿಲ್ಲ. ಅಲ್ಲಿ ಭೂಮಿಯ ಚಿಪ್ಪು ಮೊದಲೇ ಹಿಗ್ಗಿ ತಗ್ಗಾಗಿತ್ತು, ಹಿಮದ ಭಾರಕ್ಕೆ ಇನ್ನಷ್ಟು ಕುಸಿಯಿತು, ಕೊರೆತ ಅದಕ್ಕೆ ಸೇರಿತು. ಏನೇ ಇರಲಿ, ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಇದೇ. 1978ರಲ್ಲೇ ಜಾನ್ ಮರ್ಸರ್ ಅನ್ನುವ ಭೂವಿಜ್ಞಾನಿ ಪಶ್ಚಿಮ ಅಂಟಾರ್ಕ್ಟಿಕಾದ ಹಿಮಕ್ಕೆ ಈ ಅಪಾಯ ಇದೆ ಅಂತ ಬರೆದಿದ್ದರು. ಆಗ ಅದನ್ನು ಅತಿಯಾಯಿತು ಅಂದವರೇ ಜಾಸ್ತಿ.

ಈ ಗೆರೆ ಎಷ್ಟು ವೇಗವಾಗಿ ಸರಿಯಬಲ್ಲದು? ಉಪಗ್ರಹಗಳ ದಾಖಲೆ ಮೂರು-ನಾಲ್ಕು ದಶಕದ್ದು. ಅದರಾಚೆ ತಿಳಿಯಬೇಕಾದರೆ ಕಡಲತಳವನ್ನೇ ಕೇಳಬೇಕು. 2019ರಲ್ಲಿ ರಾನ್ ಅನ್ನುವ ಸ್ವಯಂಚಾಲಿತ ಜಲಾಂತರ್ಗಾಮಿಯನ್ನು ಥ್ವೈಟ್ಸ್ ಮುಂದೆ ಇಳಿಸಿದರು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ್ದು. ನಾರ್ಸ್ ಪುರಾಣದ ಕಡಲ ದೇವತೆಯ ಹೆಸರು ಅದಕ್ಕೆ. ಸುಮಾರು 700 ಮೀಟರ್ ಆಳದಲ್ಲಿ ಒಂದು ದಿಬ್ಬದ ಮೇಲೆ ಅದು ಕಂಡದ್ದು ಸಾಲುಗಳು. ನೇಗಿಲು ಹೊಡೆದ ಹೊಲದ ಹಾಗೆ, ಒಂದರ ಪಕ್ಕ ಒಂದು, 160ಕ್ಕೂ ಜಾಸ್ತಿ. ಎತ್ತರ ಒಂದು ಮೀಟರೂ ಇಲ್ಲ, ಎರಡು ಸಾಲಿನ ನಡುವೆ ಕೆಲವೇ ಮೀಟರ್.

ಇಳಿತದ ಹೊತ್ತಿಗೆ ಅಳಿವೆಯ ಕೆಸರಿನಲ್ಲಿ ದೋಣಿ ಕೂತುಬಿಡುವುದನ್ನು ನೋಡಿದ್ದೀರಲ್ಲ. ಭರತ ಬಂದಾಗ ಎದ್ದು ತೇಲುತ್ತದೆ. ಕೂತ ಜಾಗದಲ್ಲಿ ಒತ್ತಿದ ಕೆಸರಿನ ಗುರುತು ಉಳಿಯುತ್ತದೆ. ಹಿಮದ ಅಂಚೂ ಹಾಗೇ. ಭರತಕ್ಕೆ ಎದ್ದು, ಇಳಿತಕ್ಕೆ ಕೂತು, ಕೆಸರನ್ನು ಒತ್ತಿ ಒಂದು ಸಾಲು ಮಾಡುತ್ತದೆ. ಮಾರನೇ ದಿನ ತುಸು ಹಿಂದೆ ಸರಿದು ಇನ್ನೊಂದು ಸಾಲು. ನಮ್ಮಲ್ಲಿ ದಿನಕ್ಕೆ ಎರಡು ಭರತ, ಆ ಕಡೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಸಾಲು ಅಂದರೆ ಒಂದು ದಿನ. ಕೆಸರಿನಲ್ಲಿ ಬರೆದ ದಿನಚರಿ! ಎಣಿಸಿ ನೋಡಿದರೆ ಆರು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಹಿಮ ವರ್ಷಕ್ಕೆ 2.1 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಹಿಂದೆ ಸರಿದಿತ್ತು. ಉಪಗ್ರಹಗಳು ಅದೇ ಜಾಗದ ಹತ್ತಿರ ಇತ್ತೀಚೆಗೆ ಕಂಡಿದ್ದಕ್ಕಿಂತ ಇದು ದುಪ್ಪಟ್ಟು. ಅದೂ ಕಳೆದ 200 ವರ್ಷಗಳ ಒಳಗೆ ಯಾವಾಗಲೋ ನಡೆದದ್ದು.

ಇದೇ ದೊಡ್ಡದು ಅಂದುಕೊಳ್ಳುವಾಗ 2023ರಲ್ಲಿ ನಾರ್ವೆ ಕಡೆಯಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿನ ಕಡಲತಳದಲ್ಲಿ ಇಂಥದೇ 7,600ಕ್ಕೂ ಜಾಸ್ತಿ ಸಾಲುಗಳು ಸಿಕ್ಕಿದ್ದವು, ಹಿಮಯುಗ ಮುಗಿಯುವ ಹೊತ್ತಿನವು. ಕ್ರಿಸ್ಟೀನ್ ಬ್ಯಾಚೆಲರ್ ಮತ್ತು ಜೊತೆಗಾರರು ಅವುಗಳ ನಡುವಿನ ಅಂತರ ಅಳೆದರು. ಹಿಮದ ಅಂಚು ದಿನಕ್ಕೆ 55ರಿಂದ 610 ಮೀಟರ್ ಹಿಂದೆ ಓಡಿತ್ತು. ವರ್ಷಕ್ಕಲ್ಲ, ದಿನಕ್ಕೆ. ಇಲ್ಲೂ ನೆಲದ ಆಕಾರದ್ದೇ ಆಟ. ಅಷ್ಟು ಜೋರು ಓಟ ಕಂಡದ್ದು ತಳ ಸಪಾಟಾಗಿದ್ದ ಕಡೆ. ಸಪಾಟು ನೆಲದಲ್ಲಿ ಹಿಮ ತುಸು ತೆಳುವಾದರೂ ಸಾಕು, ಅಗಲದ ತುಂಡು ಒಂದೇ ಸಲ ತೇಲಿಬಿಡುತ್ತದೆ. ಥ್ವೈಟ್ಸ್ ಇದನ್ನೇ ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ಆದರೆ 'ಹಿಮ ಅಷ್ಟು ಬೇಗ ಹೋಗಲಾರದು' ಅನ್ನುವ ಸಮಾಧಾನದ ಮಾತನ್ನು ಈ ಸಾಲುಗಳು ಕಿತ್ತುಕೊಂಡವು.

ಎಲ್ಲವೂ ಕೆಟ್ಟ ಸುದ್ದಿಯಲ್ಲ. ಹತ್ತಿ ಹಾಸಿಗೆಯ ಮೇಲೆ ಕೂತು ಎದ್ದರೆ ತಗ್ಗು ನಿಧಾನವಾಗಿ ಮೇಲೇಳುತ್ತದೆ. ಹಿಮದ ಭಾರ ಇಳಿದ ಭೂಮಿಯೂ ಹಾಗೆ. ಸ್ವೀಡನ್ನಿನ ಹೈ ಕೋಸ್ಟ್ ಅನ್ನುವ ಕಡೆ ಹಿಮಯುಗ ಮುಗಿದಾಗಿನ ಕಡಲದಂಡೆ ಇವತ್ತು 286 ಮೀಟರ್ ಎತ್ತರದ ಗುಡ್ಡದ ಮೇಲಿದೆ. ಈಗಲೂ ಅಲ್ಲಿ ನೆಲ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏರುತ್ತಿದೆ. ಪಶ್ಚಿಮ ಅಂಟಾರ್ಕ್ಟಿಕಾದ ಅಮುಂಡ್‌ಸೆನ್ ಕಡಲ ತೀರದಲ್ಲಿ ಬಂಡೆಗೆ ಜಿಪಿಎಸ್ ಕೂರಿಸಿ ನೋಡಿದಾಗ ಸಿಕ್ಕಿದ್ದು ವರ್ಷಕ್ಕೆ 41 ಮಿಲಿಮೀಟರ್. ಯಾರೂ ಊಹಿಸದ ವೇಗ. ಅಲ್ಲಿ ಭೂಮಿಯ ಒಳಪದರ ಬಿಸಿ, ಮೆತ್ತಗಿದೆ. ನೆಲ ಹೀಗೆ ಮೇಲೆದ್ದರೆ ಹಿಮದ ಬುಡಕ್ಕೆ ಮತ್ತೆ ತಗುಲಿ ಅದನ್ನು ಹಿಡಿದು ನಿಲ್ಲಿಸಬಹುದು. ಆದರೆ ಇದಕ್ಕೆ ಒಂದು ಷರತ್ತಿದೆ. ಹಿಮ ನಿಧಾನವಾಗಿ ಕರಗಿದರೆ ಮಾತ್ರ ನೆಲಕ್ಕೆ ಎದ್ದುಬರಲು ಹೊತ್ತು ಸಿಗುತ್ತದೆ. ಬೇಗ ಕರಗಿದರೆ ಹಿಮ ಹೋದ ಜಾಗಕ್ಕೆ ಕಡಲು ಬಂದಿರುತ್ತದೆ. ಆಮೇಲೆ ಏಳುವ ನೆಲ ಆ ನೀರನ್ನೇ ಹೊರಗೆ, ಉಳಿದ ಜಗತ್ತಿನ ಕಡೆಗೆ ತಳ್ಳುತ್ತದೆ. ಒಂದೇ ನೆಲ, ನಾವು ಹೊಗೆ ಎಷ್ಟು ಬಿಡುತ್ತೇವೆ ಅನ್ನುವುದರ ಮೇಲೆ ನೆಂಟನೂ ಆಗಬಹುದು, ಶತ್ರುವೂ ಆಗಬಹುದು.

ಹಿಮ ಎಲ್ಲ ಕಡೆಯೂ ಕೊರೆಯುತ್ತದೆ ಅನ್ನುವುದೂ ಸರಿಯಲ್ಲ. ತಳ ನೆಲಕ್ಕೆ ಅಂಟಿಕೊಂಡು ಹೆಪ್ಪುಗಟ್ಟಿದ್ದರೆ ಹಿಮ ಜಾರುವುದಿಲ್ಲ, ಉಜ್ಜುವುದಿಲ್ಲ. ಉಪ್ಪಿನಕಾಯಿ ಭರಣಿಯ ಹಾಗೆ ಒಳಗಿದ್ದದ್ದನ್ನು ಕಾಪಾಡುತ್ತದೆ. ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಹಿಮದ ಅಂಚು ಸರಿದಾಗ ಬೆಳೆದ ಜಾಗದಲ್ಲೇ ಹಾಗೇ ಇದ್ದ ಪಾಚಿ ಹೊರಬಂತು, 40,000 ವರ್ಷಕ್ಕೂ ಹಳೆಯದು.

ಇದಕ್ಕಿಂತ ಸೋಜಿಗದ ಕಥೆ ಗ್ರೀನ್‌ಲ್ಯಾಂಡಿನದು. 1966ರಲ್ಲಿ ಅಮೆರಿಕದ ಸೇನೆಯವರು ಕ್ಯಾಂಪ್ ಸೆಂಚುರಿ ಅನ್ನುವ ನೆಲೆಯಲ್ಲಿ ಸುಮಾರು 1,390 ಮೀಟರ್ ಹಿಮ ಕೊರೆದು ತಳ ಮುಟ್ಟಿದರು. ಅದರ ಕೆಳಗಿನ ಮೂರೂವರೆ ಮೀಟರಿನಷ್ಟು ಹೆಪ್ಪುಗಟ್ಟಿದ ಮಣ್ಣನ್ನೂ ಎತ್ತಿದರು. ಹಿಮದ ಮೇಲೆ ಸಂಶೋಧನೆಗಳ ಮೇಲೆ ಸಂಶೋಧನೆ ನಡೆಯಿತು, ಮಣ್ಣನ್ನು ಕೇಳುವವರಿಲ್ಲದೆ ಫ್ರೀಜರಿನ ಮೂಲೆ ಸೇರಿತು. 2017ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸಾಮಾನು ಎಣಿಸುವಾಗ ಡಬ್ಬಿಗಳು ಮತ್ತೆ ಸಿಕ್ಕವು. ತೊಳೆದು ನೋಡಿದರೆ ಎಲೆ, ಕಡ್ಡಿ, ಪಾಚಿ! ಆ ಮಣ್ಣು ಕೊನೆಯ ಸಲ ಬಿಸಿಲು ಕಂಡದ್ದು ಸುಮಾರು 4,16,000 ವರ್ಷಗಳ ಹಿಂದೆ ಅಂತ 2023ರಲ್ಲಿ ಲೆಕ್ಕ ಸಿಕ್ಕಿತು. ಅಂದರೆ ವಾಯವ್ಯ ಗ್ರೀನ್‌ಲ್ಯಾಂಡಿನ ಅಷ್ಟು ಒಳಗೆ ಆಗ ಹಿಮವೇ ಇರಲಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಆಗ ಹತ್ತು ಲಕ್ಷಕ್ಕೆ ಸುಮಾರು 280 ಪಾಲಿತ್ತು. ಈಗ 420 ದಾಟಿದೆ.

ನೆಲದ ನಕ್ಷೆ ಇನ್ನೂ ಪೂರ್ತಿಯಾಗಿಲ್ಲ. ಪೂರ್ವ ಅಂಟಾರ್ಕ್ಟಿಕಾದ ಡೆನ್‌ಮನ್ ಹಿಮನದಿಯ ಕೆಳಗಿನ ಕಂದರ ಕಡಲ ಮಟ್ಟಕ್ಕಿಂತ 3,500 ಮೀಟರ್ ಕೆಳಗಿದೆ ಅಂತ ಗೊತ್ತಾದದ್ದೇ 2019ರಲ್ಲಿ. ಅಲ್ಲಿವರೆಗೆ ಅದು ನಕ್ಷೆಯಲ್ಲಿ ಸಾಧಾರಣ ತಗ್ಗು. ಥ್ವೈಟ್ಸ್ ಮುಂದಿನ ಆ ಸಾಲುಗಳನ್ನು ಕಂಡುಹಿಡಿದ ರಾನ್ ಜಲಾಂತರ್ಗಾಮಿ 2024ರಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ತೇಲುವ ಹಿಮದ ಕೆಳಗೆ ಹೋದದ್ದು ವಾಪಸ್ ಬರಲಿಲ್ಲ.

ನಮಗೆ ಇದರಿಂದ ಏನು ಅಂತ ಕೇಳುವವರಿಗೆ ಒಂದು ಲೆಕ್ಕ. ಕಳೆದ ಎರಡು ದಶಕಗಳಲ್ಲಿ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ ಹಿಮ ಕಳೆದುಕೊಂಡಿದೆ. ಕಡಲೆಲ್ಲ ಒಂದೇ ಸಮ ಏರುತ್ತದೆ ಅಂದುಕೊಂಡರೆ ತಪ್ಪು. ಅಷ್ಟು ಭಾರದ ಹಿಮ ತನ್ನ ಸುತ್ತಲಿನ ಕಡಲನ್ನು ಗುರುತ್ವದಿಂದ ತನ್ನ ಕಡೆ ಎಳೆದುಕೊಂಡಿರುತ್ತದೆ. ಹಿಮ ಕರಗಿದರೆ ಹಿಡಿತ ಸಡಿಲ, ನೀರು ದೂರ ಸರಿಯುತ್ತದೆ. ಜೊತೆಗೆ ಭಾರ ಇಳಿದ ನೆಲವೂ ಮೇಲೇಳುತ್ತದೆ. ಹಾಗಾಗಿ ಗ್ರೀನ್‌ಲ್ಯಾಂಡಿನ ದಡದಲ್ಲಿ ಕಡಲು ಇಳಿಯುತ್ತದೆ. ದೂರದ, ಬಿಸಿಲ ನಾಡುಗಳ ದಡದಲ್ಲಿ ಸರಾಸರಿಗಿಂತ ತುಸು ಜಾಸ್ತಿಯೇ ಏರುತ್ತದೆ. ಇಲುಲಿಸಾಟ್‌ನ ಮೀನುಗಾರ ದೋಣಿಗೆ ನೀರು ಸಾಲದು ಅಂತ ಜೆಟ್ಟಿಯನ್ನು ಮುಂದಕ್ಕೆ ಚಾಚುವ ಮಾತಾಡುವ ಕಾಲಕ್ಕೆ, ಉಳ್ಳಾಲದಲ್ಲಿ ಇನ್ನೊಂದು ಲೋಡು ಬಂಡೆ ತಂದು ತಡೆಗೋಡೆಗೆ ಸುರಿಯುತ್ತಿರುತ್ತಾರೆ.